ಒಳಗೆ ಕುಳಿತು ಆಡಿಕೊಳ್ಳುವ ದನಿ

(ಮಾನಸಿಕ ಆರೋಗ್ಯದ ಕುರಿತು ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸಭಾಂಗಣದೊಳಗೆ ಕಾಲಿಟ್ಟಾಗ ನೀವು ಮೊದಲು ಏನನ್ನು ನೋಡಿದಿರಿ? ಹೆಚ್ಚಿನವರು ವೇದಿಕೆಯನ್ನೋ ಗುರುತಿನ ಮುಖಗಳನ್ನೋ ನೋಡಿರುತ್ತೀರಿ. ಕೆಲವರು ಮಾತ್ರ ಕುರ್ಚಿಯನ್ನು ನೋಡಿರುತ್ತೀರಿ. ಅದಕ್ಕೆ ಕೈಗಳಿವೆಯೇ, ಆ ಕೈಗಳ ನಡುವೆ ಎಷ್ಟು ಜಾಗವಿದೆ, ಕುಳಿತರೆ ಕಿರುಗುಟ್ಟುತ್ತದೆಯೇ, ಏಳುವಾಗ ಅದೂ ಜೊತೆಯಲ್ಲೇ ಎದ್ದು ಬಂದೀತೇ, ಸಾಲಿನ ತುದಿಯಲ್ಲಿ ಜಾಗ ಖಾಲಿಯಿದೆಯೇ. ಇಷ್ಟೆಲ್ಲ ಲೆಕ್ಕ ಎರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಪಕ್ಕದಲ್ಲಿ ಬರುತ್ತಿದ್ದ ಗೆಳತಿಗೆ ಅದರ ಸುಳಿವೂ ಸಿಕ್ಕಿರುವುದಿಲ್ಲ.

ನಾನು ಇವತ್ತು ಮಾತನಾಡಲು ಬಂದಿರುವುದು ಆ ಎರಡು ಸೆಕೆಂಡಿನ ಬಗ್ಗೆ. ದಪ್ಪ ಮೈಯವರು ಒಳಗೇ ಹೊತ್ತು ತಿರುಗುವ ನಾಚಿಕೆಯ ಬಗ್ಗೆ, ಅದನ್ನು ಹಗುರ ಮಾಡಿಕೊಳ್ಳಲು ನೆರವಾಗುವ ಮೈಂಡ್‌ಫುಲ್‌ನೆಸ್ ಎಂಬ ಅಭ್ಯಾಸದ ಬಗ್ಗೆ.

ನಾನು ಆಪ್ತಸಮಾಲೋಚಕಿ. ಈ ಕೆಲಸಕ್ಕೆ ಬರುವುದಕ್ಕೆ ಬಹಳ ಮೊದಲೇ ಈ ವಿಷಯ ನನಗೆ ಗೊತ್ತಿತ್ತು. ಆರನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಒಬ್ಬರು ತೂಕದ ಯಂತ್ರ ನೋಡಿ ಗಟ್ಟಿಯಾಗಿ ಹೇಳುವುದು, ಇನ್ನೊಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುವುದು. ನನ್ನ ಸರದಿ ಬಂದಾಗ ಬರೆಯುವವರು ತಲೆಯೆತ್ತಿ 'ಎಷ್ಟು?' ಎಂದು ಮತ್ತೆ ಕೇಳಿದರು. ಹೇಳುವವರು ಇನ್ನೂ ಗಟ್ಟಿಯಾಗಿ ಹೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಡೆದದ್ದು ಅಷ್ಟೇ. ಯಾರೂ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಆ ಯಂತ್ರದಿಂದ ಇಳಿಯುವಾಗ ನಾನು ಹೊಟ್ಟೆಯನ್ನು ಒಳಗೆ ಎಳೆದುಕೊಂಡೆ. ಮತ್ತೆ ಅದನ್ನು ಸಡಿಲ ಬಿಡಲು ಇಪ್ಪತ್ತಾರು ವರ್ಷ ಬೇಕಾಯಿತು.

ಹೊಳೆ ಮೈದುಂಬಿ ಹರಿದರೆ ನಮಗೆ ಸಂಭ್ರಮ. ಕಾಯಿಲೆಯಿಂದ ಎದ್ದವರು ಒಂದಿಷ್ಟು ಮೈತುಂಬಿಕೊಂಡರೆ ಮನೆಯವರಿಗೆ ನೆಮ್ಮದಿ. ಅದೇ ಮೈ ಇನ್ನೊಂದಿಷ್ಟು ತುಂಬಿದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಡುಮ್ಮಿ, ಗುಂಡ, ಆನೆಮರಿ. ಹೀಗೆ ಕರೆಯುವವರು ಬಹುಪಾಲು ನಮ್ಮ ವೈರಿಗಳಲ್ಲ, ನಮ್ಮವರೇ. 'ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ' ಎಂಬ ಬಾಲವೂ ಮಾತಿಗೆ ಅಂಟಿಕೊಂಡಿರುತ್ತದೆ. ವೈರಿಯ ಮಾತನ್ನು ಬಾಗಿಲಲ್ಲೇ ತಡೆಯಬಹುದು. ನಮ್ಮವರ ಮಾತಿಗೆ ಬಾಗಿಲು ತೆರೆದೇ ಇರುತ್ತದೆ. ಅದು ಒಳಗೆ ಬಂದು ಕುಳಿತುಬಿಡುತ್ತದೆ. ಆಡಿದವರು ಮರೆತರೂ ಅದು ಆಡುತ್ತಲೇ ಇರುತ್ತದೆ. ಕೆಲವು ವರ್ಷ ಕಳೆದರೆ ಅದು ಯಾರ ದನಿ ಎಂಬುದೂ ಮರೆತುಹೋಗಿ, ನಮ್ಮದೇ ದನಿ ಎನಿಸತೊಡಗುತ್ತದೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಅಂತರ್ಗತ ಕಳಂಕ ಎನ್ನುತ್ತಾರೆ. ಒಳಗೆ ಕುಳಿತು ಆಡಿಕೊಳ್ಳುವ ದನಿ ಎಂದರೆ ನನಗೆ ಹೆಚ್ಚು ಸರಿ ಕಾಣುತ್ತದೆ.

ಕಳಂಕ ಎಂಬ ಪರಿಕಲ್ಪನೆಯನ್ನು ಸಮಾಜಶಾಸ್ತ್ರಕ್ಕೆ ಗಟ್ಟಿಯಾಗಿ ತಂದವರು ಅರ್ವಿಂಗ್ ಗಾಫ್‌ಮನ್, 1963ರಲ್ಲಿ. ಕಳಂಕಕ್ಕೆ ಇಂಗ್ಲಿಷಿನಲ್ಲಿ ಬಳಸುವ ಸ್ಟಿಗ್ಮಾ ಎಂಬ ಗ್ರೀಕ್ ಮೂಲದ ಪದಕ್ಕೆ ಮೈಮೇಲೆ ಒತ್ತಿದ ಗುರುತು ಎಂಬ ಅರ್ಥವಿತ್ತು. ಗುಲಾಮರನ್ನೂ ಅಪರಾಧಿಗಳನ್ನೂ ಗುರುತಿಸಲು ಹಾಕುತ್ತಿದ್ದ ಮುದ್ರೆ ಅದು. ದಪ್ಪ ಮೈಯವರ ವಿಷಯದಲ್ಲಿ ಮುದ್ರೆ ಒತ್ತುವ ಕೆಲಸವೂ ಬೇಕಿಲ್ಲ. ಮೈಯನ್ನೇ ಗುರುತೆಂದು ಓದಲಾಗುತ್ತದೆ: ಸೋಮಾರಿ, ನಾಲಿಗೆಯ ಮೇಲೆ ಹಿಡಿತವಿಲ್ಲ, ಮನಸ್ಸು ಗಟ್ಟಿಯಿಲ್ಲ. ಮೈ ನೋಡಿ ಗುಣ ಹೇಳುವ ಈ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, 2007ರಿಂದ 2016ರವರೆಗೆ ಜನರ ಸುಪ್ತ ಪೂರ್ವಗ್ರಹಗಳನ್ನು ಅಳೆದ ಹಾರ್ವರ್ಡ್ ಸಂಶೋಧಕರು ಲೈಂಗಿಕ ಒಲವಿನ ಕುರಿತ ಪೂರ್ವಗ್ರಹ ಸುಮಾರು ಮೂರನೆಯ ಒಂದರಷ್ಟು ಇಳಿದದ್ದನ್ನು ಕಂಡರು. ಜನಾಂಗದ ಕುರಿತದ್ದೂ ಇಳಿದಿತ್ತು. ದೇಹತೂಕದ ಕುರಿತ ಪೂರ್ವಗ್ರಹ ಮಾತ್ರ ಇಳಿಯಲೇ ಇಲ್ಲ.

ಏಕೆ ಇಳಿಯಲಿಲ್ಲ? ದಪ್ಪವಾಗಿರುವುದು ಅವರವರದೇ ತಪ್ಪು ಎಂಬ ನಂಬಿಕೆ ಹಾಗೇ ಉಳಿದಿರುವುದರಿಂದ ಎಂಬುದು ನನ್ನ ಅಭಿಪ್ರಾಯ. ಈ ನಂಬಿಕೆಯನ್ನು ವಿಜ್ಞಾನ ಯಾವತ್ತೋ ಅಲುಗಾಡಿಸಿದೆ. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಹೋಲಿಸಿದ ಅಧ್ಯಯನಗಳು ತೂಕದಲ್ಲಿ ಅನುವಂಶೀಯತೆಯ ಪಾಲು ಬಹಳ ದೊಡ್ಡದು ಎಂದು ತೋರಿಸಿವೆ. ಕೊಬ್ಬಿನ ಕೋಶಗಳೇ ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ, ಮೈಯಲ್ಲಿ ಕೊಬ್ಬು ಎಷ್ಟಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ ಎಂಬುದು 1994ರಲ್ಲಿ ಗೊತ್ತಾಯಿತು. ಅಮೆರಿಕದ ಟಿ.ವಿ.ಯ ತೂಕ ಇಳಿಸುವ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಅವರ ದೇಹ ವಿಶ್ರಾಂತಿಯಲ್ಲಿರುವಾಗ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಗಾತ್ರದವರಲ್ಲಿ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ಆರು ವರ್ಷ ಕಳೆದರೂ ದೇಹ ಬರಗಾಲದ ಕಟ್ಟುನಿಟ್ಟನ್ನು ಬಿಟ್ಟಿರಲಿಲ್ಲ. ಅಂಥ ದೇಹದೊಂದಿಗೆ ದಿನವೂ ಸೆಣಸುತ್ತಿರುವವರಿಗೆ 'ಬಾಯಿ ಕಟ್ಟು' ಎಂದು ಹೇಳುವುದು ಎಷ್ಟು ಸುಲಭ ನೋಡಿ.

ತೂಕಕ್ಕೂ ಕೆಲವು ಕಾಯಿಲೆಗಳಿಗೂ ಸಂಬಂಧವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಬೇಕಾದವರು ಚಿಕಿತ್ಸೆ ಪಡೆಯಬೇಕು. ಆದರೆ ಅವಮಾನ ಔಷಧವಾಗುವುದಿಲ್ಲ. ನಾಚಿಕೆಪಡಿಸಿದರೆ ತಿದ್ದಿಕೊಳ್ಳುತ್ತಾರೆ ಎಂದು ಇನ್ನೂ ನಂಬಿರುವವರು ಈ ಎರಡು ಸಂಗತಿಗಳನ್ನು ದಯವಿಟ್ಟು ಕೇಳಿಸಿಕೊಳ್ಳಿ. ಅಮೆರಿಕದಲ್ಲಿ ಆಂಜಲಿನಾ ಸುಟಿನ್ ಮತ್ತು ಆಂಟೋನಿಯೊ ಟೆರಾಚಿಯಾನೊ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ಮುಂದಿನ ವರ್ಷಗಳಲ್ಲಿ ಬೊಜ್ಜಿನ ಹಂತಕ್ಕೆ ಹೋಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಅದೇ ತಂಡದ 2015ರ ಅಧ್ಯಯನದಲ್ಲಿ ಇಂಥ ತಾರತಮ್ಯ ಅನುಭವಿಸಿದವರ ಸಾವಿನ ಅಪಾಯ ಸುಮಾರು ಶೇ 60ರಷ್ಟು ಹೆಚ್ಚು ಕಂಡಿತು. ದೇಹತೂಕವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರ ಹಾಗೇ ಉಳಿಯಿತು. ಹೀಗೇಕೆ ಆಗುತ್ತದೆ ಎಂಬುದಕ್ಕೆ ಮನೋವಿಜ್ಞಾನಿ ಜಾನೆಟ್ ತೊಮಿಯಾಮಾ 2014ರಲ್ಲಿ ಒಂದು ಸುಳಿಯ ಚಿತ್ರ ಕೊಟ್ಟರು. ಅವಮಾನವೆಂದರೆ ಒತ್ತಡ. ಒತ್ತಡ ಬಂದರೆ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ, ತಿನ್ನಬೇಕೆನಿಸುತ್ತದೆ. ತೂಕ ಏರುತ್ತದೆ, ಮತ್ತಷ್ಟು ಅವಮಾನ. ಇದಕ್ಕೆ ನಾನು ಕಣ್ಣಾರೆ ಕಂಡದ್ದನ್ನು ಸೇರಿಸುತ್ತೇನೆ: ಜನ ನೋಡುತ್ತಾರೆಂದು ನಡೆಯಲು ಹೋಗುವುದನ್ನು ಬಿಟ್ಟವರು, ಈಜು ಇಷ್ಟವಿದ್ದರೂ ಕೊಳಕ್ಕೆ ಇಳಿಯದವರು, ಕಿವಿನೋವಿಗೆ ಹೋದರೂ ವೈದ್ಯರು ತೂಕದ ಮಾತೇ ಎತ್ತುತ್ತಾರೆಂದು ನೋವನ್ನು ನುಂಗಿಕೊಂಡು ಮನೆಯಲ್ಲೇ ಉಳಿದವರು.

ಈಗ ಮೈಂಡ್‌ಫುಲ್‌ನೆಸ್‌ಗೆ ಬರೋಣ. ಕನ್ನಡದಲ್ಲಿ ಇದಕ್ಕೆ ಸಾವಧಾನತೆ ಎಂಬ ಮಾತು ಬಳಕೆಯಲ್ಲಿದೆ. ಸಾವಧಾನ ಎಂದರೆ ನಿಧಾನ ಎಂದೇ ನಾವು ದಿನಬಳಕೆಯಲ್ಲಿ ತಿಳಿಯುತ್ತೇವೆ. ಅದು ಸ-ಅವಧಾನ, ಗಮನದೊಂದಿಗೆ ಇರುವುದು. ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ಇದಕ್ಕಿರುವ 'ಸತಿ' ಎಂಬ ಪದದ ಹಿಂದೆ ನೆನಪು ಎಂಬ ಅರ್ಥವೂ ಇದೆ. ಇದು ನನಗೆ ತುಂಬ ಇಷ್ಟ. ಒಳಗಿನ ದನಿ ಮಾತು ಶುರು ಮಾಡಿದ ಕ್ಷಣದಲ್ಲಿ 'ಇದು ದನಿ, ನಾನಲ್ಲ' ಎಂದು ನೆನಪಾಗುವುದೇ ಇಲ್ಲಿನ ಮುಖ್ಯ ಕೆಲಸ. ಧ್ಯಾನ ಪರಂಪರೆಯ ಈ ಅಭ್ಯಾಸವನ್ನು ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ತಂದರು. ಔಷಧದಿಂದ ನೀಗದ ನೋವಿನವರಿಗಾಗಿ ಶುರುವಾದ ಎಂಟು ವಾರಗಳ ಆ ತರಬೇತಿ ಈಗ ಲೋಕದ ಮೂಲೆ ಮೂಲೆಯಲ್ಲಿ ನಡೆಯುತ್ತಿದೆ.

ಅಲ್ಲಿ ಮೊದಲಿಗೆ ಕಲಿಸುವ ಅಭ್ಯಾಸಗಳಲ್ಲಿ ಒಂದು, ಗಮನವನ್ನು ಕಾಲ್ಬೆರಳಿನಿಂದ ನೆತ್ತಿಯವರೆಗೆ ನಿಧಾನವಾಗಿ ಒಯ್ಯುವುದು. ಕೇಳಲು ಸರಳ. ನಾನು ಮೊದಲ ಸಲ ಮಾಡಿದಾಗ ಪಾದ ಸರಾಗವಾಗಿ ಕಳೆಯಿತು. ಮೊಣಕಾಲು, ತೊಡೆ, ಅಲ್ಲಿಂದ ಮೇಲೆ ಬಂದಾಗ ಮಾರ್ಗದರ್ಶಕರು ಹೇಳಿದರು: 'ಈಗ ಹೊಟ್ಟೆಯನ್ನು ಸಡಿಲ ಬಿಡಿ.' ನನ್ನ ಉಸಿರು ಅಲ್ಲೇ ನಿಂತಿತು. ಕಣ್ಣು ಮುಚ್ಚಿದ್ದೆ, ಕೋಣೆಯಲ್ಲಿ ಉಳಿದವರೆಲ್ಲರೂ ಕಣ್ಣು ಮುಚ್ಚಿದ್ದರು, ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಆದರೂ ಬಿಡಲಾಗಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಎಳೆದುಕೊಂಡ ಹೊಟ್ಟೆ ಅದು. ನಾನು ಅದನ್ನು ಹಿಡಿದುಕೊಂಡಿದ್ದೇನೆ ಎಂಬುದೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಕೊನೆಗೆ ಒಂದೆರಡು ಬೆರಳಿನಷ್ಟು ಬಿಟ್ಟೆ. ಉಸಿರು ಕೆಳಗಿಳಿಯಿತು. ಆಮೇಲೆ ಅಳು ಬಂತು. ದುಃಖದ ಅಳು ಎಂದೂ ಹೇಳಲಾರೆ. ಭಾರದ ಚೀಲ ಹೊತ್ತು ಬಹಳ ದೂರ ನಡೆದವರು ಅದನ್ನು ಕೆಳಗಿಟ್ಟ ಮೇಲೆ ಕೈಬೆರಳುಗಳು ನೋಯಲು ಶುರುವಾಗುತ್ತವಲ್ಲ, ಹಾಗೆ.

ಅದಕ್ಕೇ ನನ್ನ ಬಳಿ ಬರುವವರಿಗೆ ನಾನು ಹೊಟ್ಟೆಯಿಂದ ಶುರು ಮಾಡಿಸುವುದಿಲ್ಲ. ಅಂಗೈಯಿಂದ ಶುರು ಮಾಡಿಸುತ್ತೇನೆ. ಬನ್ನಿ, ಈಗ ಒಂದು ನಿಮಿಷ ಮಾಡೋಣ. ಕಣ್ಣು ಮುಚ್ಚಲೇಬೇಕೆಂದಿಲ್ಲ. ಎರಡೂ ಪಾದಗಳನ್ನು ನೆಲಕ್ಕೆ ಊರಿ. ಒಂದು ಅಂಗೈಯನ್ನು ಇನ್ನೊಂದರ ಮೇಲಿಡಿ. ಯಾವುದು ಬೆಚ್ಚಗಿದೆ, ಯಾವುದು ತಣ್ಣಗಿದೆ? ಒಂದರ ತೂಕ ಇನ್ನೊಂದಕ್ಕೆ ಗೊತ್ತಾಗುತ್ತಿದೆಯೇ? ಹೌದು, ತೂಕ ಎಂಬ ಪದವನ್ನೇ ಬೇಕೆಂದು ಬಳಸಿದೆ. ಇಲ್ಲಿ ಅದಕ್ಕೆ ಸಂಖ್ಯೆಯಿಲ್ಲ, ಅಂಕಪಟ್ಟಿಯಿಲ್ಲ. ಒಂದು ಕೈ ಇನ್ನೊಂದು ಕೈಯ ಮೇಲೆ ಇದೆ, ಅಷ್ಟೇ. ಈಗ ಉಸಿರು ಎಲ್ಲಿಯವರೆಗೆ ಹೋಗುತ್ತಿದೆಯೋ ಅಲ್ಲಿಯವರೆಗೆ ಹೋಗಲಿ. ಎದೆಯಲ್ಲೇ ನಿಂತರೆ ನಿಲ್ಲಲಿ.

(ಸಭೆ ಒಂದು ನಿಮಿಷ ಮೌನವಾಗಿತ್ತು.)

ಇಲ್ಲಿ ನಡೆದದ್ದು ಇಷ್ಟು: ಹೊರಗಿನ ಕಣ್ಣಿನಿಂದ ನೋಡುತ್ತಿದ್ದ ಮೈಯನ್ನು ನೀವು ಒಳಗಿನಿಂದ ಮುಟ್ಟಿದಿರಿ. ಕಳಂಕ ಹೊತ್ತವರು ತಮ್ಮ ಮೈಯನ್ನು ಸದಾ ಇನ್ನೊಬ್ಬರ ಕಣ್ಣಿನಿಂದ ನೋಡುತ್ತಿರುತ್ತಾರೆ. ಫೋಟೋದಲ್ಲಿ ಹೇಗೆ ಕಂಡೆ, ಹಿಂದಿನಿಂದ ಹೇಗೆ ಕಾಣುತ್ತೇನೆ, ಮೆಟ್ಟಿಲು ಹತ್ತುವಾಗ ಏದುಸಿರು ಯಾರಿಗಾದರೂ ಕೇಳಿಸಿತೇ. ಹಸಿವು, ದಣಿವು, ಹಿತ ಯಾವುದೂ ಒಳಗಿನಿಂದ ಕೇಳಿಸದಷ್ಟು ಗದ್ದಲ ಅದು. ಆ ಗದ್ದಲ ಒಂದು ನಿಮಿಷ ತಗ್ಗಿದರೂ ದೊಡ್ಡದು.

ಇನ್ನೊಂದು ಅಭ್ಯಾಸ ಹೆಸರಿಡುವುದು. ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಅವರ ತಂಡ 2007ರಲ್ಲಿ ಮಿದುಳಿನ ಚಿತ್ರಣದ ಮೂಲಕ ತೋರಿಸಿದ್ದು ಹೀಗೆ: ಭಯ, ಸಿಟ್ಟು ತುಂಬಿದ ಮುಖಗಳನ್ನು ನೋಡುವಾಗ ಆ ಭಾವನೆಗೆ ಪದ ಕೊಟ್ಟರೆ ಮಿದುಳಿನಲ್ಲಿ ಅಪಾಯದ ಎಚ್ಚರಿಕೆ ಕೊಡುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುತ್ತದೆ. ಕುರ್ಚಿ ಕಂಡ ಆ ಎರಡು ಸೆಕೆಂಡಿನಲ್ಲಿ ಮನಸ್ಸಿನಲ್ಲೇ 'ಇದು ನಾಚಿಕೆ' ಎಂದುಕೊಳ್ಳಿ. ಸಾಧ್ಯವಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: 'ಇದು ಹಿಂದಿನ ಸಾಲಿನ ನಗು.' ದನಿಗೆ ಅದರ ಒಡೆಯರ ಹೆಸರನ್ನು ಮರಳಿ ಕೊಟ್ಟಾಗ ಅದು ನಿಮ್ಮದಾಗಿ ಉಳಿಯುವುದಿಲ್ಲ. ಅದರೊಂದಿಗೆ ವಾದಕ್ಕಿಳಿಯಬೇಡಿ, ಬಾಯಿ ಮುಚ್ಚಿಸಲು ಹೋಗಬೇಡಿ. ಜೇಸನ್ ಲಿಲ್ಲಿಸ್ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ, ತೂಕ ಇಳಿಸುವ ಕಾರ್ಯಕ್ರಮಗಳಲ್ಲಿದ್ದ 84 ಮಂದಿಯಲ್ಲಿ ಒಂದು ಗುಂಪಿಗೆ ಒಂದೇ ಒಂದು ದಿನದ ಕಾರ್ಯಾಗಾರ ನಡೆಸಿದರು. ಇಂಥ ಯೋಚನೆಗಳನ್ನು ಹೊಡೆದೋಡಿಸದೆ, ಅವು ಇದ್ದಂತೆಯೇ ತಮಗೆ ಮುಖ್ಯವೆನಿಸಿದ ಬದುಕಿನ ಕಡೆಗೆ ನಡೆಯುವುದನ್ನು ಅಲ್ಲಿ ಕಲಿಸಲಾಯಿತು. ಮೂರು ತಿಂಗಳ ನಂತರ ಆ ಗುಂಪಿನವರಲ್ಲಿ ಕಳಂಕದ ಭಾರವೂ ಮಾನಸಿಕ ಸಂಕಟವೂ ಇನ್ನೊಂದು ಗುಂಪಿಗಿಂತ ಕಡಿಮೆಯಿತ್ತು. ಚಿಕ್ಕ ಅಧ್ಯಯನ, ಪ್ರಾಥಮಿಕ ಹಂತದ್ದು. ಆದರೂ ಒಂದು ದಿನದ ಕಲಿಕೆ ಮೂರು ತಿಂಗಳು ಉಳಿಯಿತು ಎಂಬುದು ನನಗೆ ಧೈರ್ಯ ಕೊಡುತ್ತದೆ.

ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಿಂದ ಹೇಳಿಕೊಂಡು ಬಂದಿರುವ ಸ್ವ-ಕರುಣೆಯೂ ಇದಕ್ಕೆ ಹೆಗಲು ಕೊಡುತ್ತದೆ. ಕರುಣೆ ಎಂದ ಕೂಡಲೇ 'ಅಯ್ಯೋ ಪಾಪ' ಎಂದುಕೊಳ್ಳಬೇಡಿ. ನಿಮ್ಮ ಗೆಳತಿ ಇದೇ ನೋವನ್ನು ಹೇಳಿಕೊಂಡಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರೋ ಅದನ್ನು ನಿಮಗೇ ಹೇಳಿಕೊಳ್ಳುವುದು, ಇದು ನನ್ನೊಬ್ಬಳ ಪಾಡಲ್ಲ ಎಂದು ತಿಳಿಯುವುದು. ನಿಜಕ್ಕೂ ಒಬ್ಬರ ಪಾಡಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ಜಗತ್ತಿನ 250 ಕೋಟಿ ವಯಸ್ಕರ ತೂಕ ಸಾಮಾನ್ಯ ಮಿತಿಗಿಂತ ಹೆಚ್ಚಿತ್ತು. ಇಷ್ಟೊಂದು ಜನರಲ್ಲಿ ಪ್ರತಿಯೊಬ್ಬರೂ ಇಡೀ ಕೋಣೆಯಲ್ಲಿ ತಾನೊಬ್ಬಳೇ, ತಾನೊಬ್ಬನೇ ಎಂದುಕೊಂಡು ಮುದುಡಿ ಕುಳಿತಿರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಎಚ್ಚರಿಕೆಯ ಎರಡು ಮಾತು. ಮೈಗೆ ಸಂಬಂಧಿಸಿದ ಹಳೆಯ ಆಘಾತವಿರುವವರಿಗೆ ಗಮನವನ್ನು ಮೈಯೊಳಗೆ ಒಯ್ಯುವುದೇ ಭಯ ತರಬಹುದು. ಹಾಗಾದರೆ ಕಣ್ಣು ತೆರೆಯಿರಿ, ಪಾದಕ್ಕೆ ಮರಳಿ, ನಿಲ್ಲಿಸಿಬಿಡಿ. ತಿಳಿದವರ ಜೊತೆ ಕುಳಿತು ಮಾಡಿ. ಎರಡನೆಯದು, ಇದನ್ನು ತೂಕ ಇಳಿಸುವ ಉಪಾಯವೆಂದು ಮಾರುವವರ ಬಗ್ಗೆ. ಅತಿಯಾಗಿ ತಿನ್ನುವ ತೊಂದರೆ, ಬೇಸರಕ್ಕೆ ತಿನ್ನುವುದು ಇಂಥವುಗಳಲ್ಲಿ ಸಾವಧಾನತೆ ನೆರವಾಗುತ್ತದೆ ಎಂಬುದಕ್ಕೆ ಪುರಾವೆಯಿದೆ. ತೂಕದ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆಯಿಲ್ಲ. ಧ್ಯಾನಕ್ಕೆ ಕುಳಿತವರ ಮುಂದೆಯೂ ತೂಕದ ಯಂತ್ರ ತಂದಿಟ್ಟರೆ ಒಳಗಿನ ದನಿಗೆ ಹೊಸ ಮಾತು ಕಲಿಸಿದಂತೆ: 'ಉಸಿರು ನೋಡುವುದಕ್ಕೂ ನಿನಗೆ ಬರಲಿಲ್ಲ.'

ಇದೆಲ್ಲ ಹೇಳಿದ ಮೇಲೂ ಒಂದು ಸಿಟ್ಟು ನನ್ನಲ್ಲಿ ಉಳಿಯುತ್ತದೆ. ಆಡಿಕೊಳ್ಳುವವರು ಆಡಿಕೊಳ್ಳುತ್ತಲೇ ಇದ್ದು, ಸಹಿಸುವ ವಿದ್ಯೆಯನ್ನು ಮಾತ್ರ ನೊಂದವರಿಗೆ ಕಲಿಸುವುದು ಅನ್ಯಾಯ. ಒಳಗಿನ ದನಿಯನ್ನು ನೊಂದವರು ನೋಡಿಕೊಳ್ಳಬಹುದು. ಹೊರಗಿನ ದನಿ ಸಮಾಜದ ಹೊಣೆ. ರಕ್ತದೊತ್ತಡ ಅಳೆಯಲು ತೋಳಿಗೆ ಸುತ್ತುವ ಪಟ್ಟಿಯನ್ನೇ ತೆಗೆದುಕೊಳ್ಳಿ. ಅತಿ ದೊಡ್ಡ ಪಟ್ಟಿ ಬೇಕಾದ ತೋಳಿಗೆ ಸಾಮಾನ್ಯ ಅಳತೆಯದನ್ನು ಬಿಗಿದರೆ ರಕ್ತದೊತ್ತಡದ ಮೇಲಿನ ಅಂಕಿ ಸುಮಾರು 20ರಷ್ಟು ಹೆಚ್ಚಾಗಿ ತೋರುತ್ತದೆ ಎಂದು 2023ರ ಅಧ್ಯಯನವೊಂದು ಕಂಡುಕೊಂಡಿತು. ಪಟ್ಟಿ ಚಿಕ್ಕದಾದ ತಪ್ಪಿಗೆ ಮನುಷ್ಯನ ಹೆಸರಿಗೆ ಕಾಯಿಲೆ ಬರೆಯುತ್ತೇವೆ. ಅಗಲದ ಕುರ್ಚಿ, ದೊಡ್ಡ ಪಟ್ಟಿ, ಮರೆಯಲ್ಲಿ ತೂಕ ನೋಡುವ ವ್ಯವಸ್ಥೆ ಇವು ಯಾವ ಆಸ್ಪತ್ರೆಗೂ ದೊಡ್ಡ ಹೊರೆಯಲ್ಲ. ಕೆನಡಾದ ವೈದ್ಯರಿಗೆ 2020ರಲ್ಲಿ ಬಂದ ಮಾರ್ಗಸೂಚಿ, ತೂಕದ ಮಾತೆತ್ತುವ ಮುನ್ನ ರೋಗಿಯ ಅನುಮತಿ ಕೇಳಿ ಎನ್ನುತ್ತದೆ. ಅದೇ ವರ್ಷ ನೂರಕ್ಕೂ ಹೆಚ್ಚು ವೈದ್ಯಕೀಯ ಮತ್ತು ವೈಜ್ಞಾನಿಕ ಸಂಸ್ಥೆಗಳು ತೂಕದ ಕಳಂಕವನ್ನು ಕೊನೆಗಾಣಿಸುವ ಅಂತಾರಾಷ್ಟ್ರೀಯ ಹೇಳಿಕೆಯನ್ನು ಬೆಂಬಲಿಸಿದವು. ಅಮೆರಿಕದ ಮಿಷಿಗನ್ ರಾಜ್ಯದ ಕಾನೂನು 1976ರಿಂದಲೇ ತೂಕದ ಆಧಾರದ ತಾರತಮ್ಯವನ್ನು ನಿಷೇಧಿಸಿದೆ, ನ್ಯೂಯಾರ್ಕ್ ನಗರ 2023ರಲ್ಲಿ ಅದೇ ದಾರಿ ಹಿಡಿಯಿತು. ಇಂಥ ಕಾನೂನುಗಳನ್ನು ಬೆರಳಿನಲ್ಲಿ ಎಣಿಸಬಹುದು.

ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. 'ಮೇಡಂ, ನನ್ನ ಮಗಳಿಗೆ ಹದಿಮೂರು ವರ್ಷ. ಒಂದು ವಾರದಿಂದ ಕೋಣೆಯ ಕನ್ನಡಿಗೆ ಬಟ್ಟೆ ಹೊದಿಸಿಟ್ಟಿದ್ದಾಳೆ. ನಾನೇನು ಹೇಳಲಿ?'

ನಾನು ಕೊಟ್ಟ ಉತ್ತರ ಹೀಗಿತ್ತು. ಆ ಬಟ್ಟೆಯನ್ನು ನೀವಾಗಿ ತೆಗೆಯಬೇಡಿ, ಅಮ್ಮ. ಅದು ಅವಳು ತನಗೆ ತಾನೇ ಕೊಟ್ಟುಕೊಂಡಿರುವ ಬಿಡುವು. 'ನೀನೇನೂ ದಪ್ಪವಿಲ್ಲ' ಎಂದೂ ಹೇಳಬೇಡಿ. ಹಾಗೆಂದರೆ ದಪ್ಪವಾಗಿರುವುದು ನಾಚಿಕೆಯ ಸಂಗತಿ ಎಂದು ನೀವೂ ಒಪ್ಪಿದಂತಾಗುತ್ತದೆ. ಪಕ್ಕದಲ್ಲಿ ಕುಳಿತು, ಯಾರು ಏನೆಂದರು ಎಂದು ಕೇಳಿ. ತಕ್ಷಣ ಹೇಳಲಿಕ್ಕಿಲ್ಲ, ನಾಳೆ ಹೇಳಬಹುದು. ಹೇಳಿದಾಗ ಉಪಾಯಗಳ ಪಟ್ಟಿ ಕೊಡುವ ಮುನ್ನ 'ಅವರು ಹಾಗೆ ಅಂದದ್ದು ತಪ್ಪು' ಎಂಬ ಒಂದು ಮಾತು ಸ್ಪಷ್ಟವಾಗಿ ಹೇಳಿ. ಆ ಮಾತನ್ನು ಹೇಳುವವರು ನನಗೆ ಹನ್ನೊಂದನೆಯ ವಯಸ್ಸಿನಲ್ಲಿ ಸಿಗಲಿಲ್ಲ. ಊಟ ಬಿಡುವುದು, ಉಂಡ ಮೇಲೆ ವಾಂತಿ ಮಾಡಿಕೊಳ್ಳುವುದು, ತನಗೆ ತಾನೇ ನೋವು ಮಾಡಿಕೊಳ್ಳುವುದು ಕಂಡರೆ ತಡಮಾಡದೆ ಮಾನಸಿಕ ಆರೋಗ್ಯ ತಜ್ಞರಲ್ಲಿಗೆ ಕರೆದೊಯ್ಯಿರಿ. ಮತ್ತೆ, ನಿಮ್ಮ ಮೈಯ ಬಗ್ಗೆ ನೀವು ಅವಳೆದುರು ಏನು ಆಡುತ್ತೀರಿ ಎಂಬುದನ್ನು ಒಂದು ವಾರ ಗಮನಿಸಿ.

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ಮೈಕನ್ನು ಮರಳಿಸುತ್ತ ಹೇಳಿದರು: 'ಫೋಟೋ ತೆಗೆಯುವಾಗೆಲ್ಲ ನಾನು ಎಲ್ಲರ ಹಿಂದೆ ಹೋಗಿ ನಿಲ್ಲುತ್ತೇನೆ. ಅವಳು ಅದನ್ನು ನೋಡುತ್ತಾಳೆ.'

ಮುಂದಿನ ಸಲ ಅವಳ ಪಕ್ಕದಲ್ಲೇ ನಿಲ್ಲಿ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ನಿಲ್ಲಿ ಎಂದೆ. ಅವರು ತಲೆಯಾಡಿಸಿ ಕುಳಿತರು.